ಅಭಿಮತ ಮತ್ತು ಬಹುಮತ: ಎಸ್. ಆರ್. ಬೊಮ್ಮಾಯಿಯವರ ಪದಚ್ಯುತಿ ಕುರಿತು ಒಂದು ವಿವೇಚನೆ

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಪತನದ ಕಥನ ಅಪರಿಚಿತವಾದುದಲ್ಲ. ರನ್ನನ 'ಗದಾಯುದ್ಧ'ದ ದುರ್ಯೋಧನನನ್ನು ಬಲ್ಲ ಓದುಗರಿಗೆ ಅಧಿಕಾರದ ಶಿಖರದಿಂದ ಕೆಳಗುರುಳುವ ನಾಯಕನ ಚಿತ್ರ ಚಿರಪರಿಚಿತ. ಕಾವ್ಯದಲ್ಲಿ ಪತನದ ಕಾರಣವನ್ನು ನಾಯಕನ ಸ್ವಭಾವದಲ್ಲಿಯೇ ಹುಡುಕುವುದು ವಾಡಿಕೆ. ಆದರೆ ಸಂಸದೀಯ ವ್ಯವಸ್ಥೆಯ ನಾಯಕನನ್ನು ಅರಿಯುವುದಕ್ಕೆ ಈ ಮಾನದಂಡ ಸಾಲದು. ಇಲ್ಲಿ ನಾಯಕನಾಗುವುದು ಸಂಖ್ಯೆಯಿಂದ, ಬೀಳುವುದೂ ಸಂಖ್ಯೆಯಿಂದಲೇ. ಹಾಗಾದರೆ ಆ ಸಂಖ್ಯೆಯನ್ನು ಎಣಿಸಬೇಕಾದವರು ಯಾರು? ಎಣಿಸಬೇಕಾದ ಸ್ಥಳ ಯಾವುದು? ಮೇಲುನೋಟಕ್ಕೆ ತೀರ ಸರಳವೆನಿಸುವ ಈ ಎರಡು ಪ್ರಶ್ನೆಗಳಿಗೆ ಸ್ವತಂತ್ರ ಭಾರತದಲ್ಲಿ ಖಚಿತವಾದ ಉತ್ತರ ದೊರೆಯಲು 1994ರವರೆಗೆ ಕಾಯಬೇಕಾಯಿತು. ಆ ಉತ್ತರ ದೊರೆತದ್ದು ಕನ್ನಡ ನಾಡಿನ ಶಾಸಕಾಂಗ ನಾಯಕರೊಬ್ಬರ ಪದಚ್ಯುತಿಯ ನಿಮಿತ್ತದಿಂದ. ಅವರು ಎಸ್. ಆರ್. ಬೊಮ್ಮಾಯಿ.

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಈ ಹೆಸರು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಡೆಹರಾಡೂನ್, ಲಖನೌ, ಮುಂಬಯಿ, ಭೋಪಾಲ ಹೀಗೆ ಯಾವ ರಾಜಧಾನಿಯಲ್ಲಿ ಸರಕಾರದ ಬಹುಮತ ಶಂಕಾಸ್ಪದವಾದರೂ 'ಬೊಮ್ಮಾಯಿ ತೀರ್ಪು' ಎಂಬ ಮಾತು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ವ್ಯಕ್ತಿಯ ಹೆಸರು ಹೀಗೆ ನ್ಯಾಯತತ್ತ್ವವೊಂದರ ಹೆಸರಾದ ಬಗೆಯನ್ನು, ಆ ತತ್ತ್ವದ ಬೆಲೆಯನ್ನು ಮತ್ತು ಅದರ ಮಿತಿಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಾಯಕತ್ವದ ಹಾದಿ

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು 1924ರ ಜೂನ್ 6ರಂದು ಅವಿಭಜಿತ ಧಾರವಾಡ ಜಿಲ್ಲೆಯ ಕಾರಡಗಿಯಲ್ಲಿ ಜನಿಸಿದರು. ಆ ಪ್ರದೇಶ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಬೆಳೆದ ಅವರ ತಲೆಮಾರಿಗೆ ರಾಜಕೀಯದ ಮೊದಲ ಪಾಠಗಳು ದೊರೆತದ್ದು ಸ್ವಾತಂತ್ರ್ಯ ಹೋರಾಟದಿಂದ ಮತ್ತು ಏಕೀಕರಣದ ಚಳವಳಿಯಿಂದ. ಬೊಮ್ಮಾಯಿಯವರು ವೃತ್ತಿಯಿಂದ ವಕೀಲರು, ವಿಚಾರದಲ್ಲಿ ಎಂ. ಎನ್. ರಾಯ್ ಅವರ ನವಮಾನವತಾವಾದದಿಂದ ಪ್ರಭಾವಿತರಾದವರು. ಹುಬ್ಬಳ್ಳಿ ಅವರ ಕಾರ್ಯಕ್ಷೇತ್ರವಾಯಿತು. ಕಾಂಗ್ರೆಸ್ಸಿನ ಪ್ರಾಬಲ್ಯವಿದ್ದ ದೀರ್ಘ ಅವಧಿಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿದ್ದುಕೊಂಡೇ ಶಾಸಕಾಂಗದ ಕಾರ್ಯವಿಧಾನವನ್ನು ಅವರು ಕರಗತ ಮಾಡಿಕೊಂಡರು.

1983ರಲ್ಲಿ ಕರ್ನಾಟಕದಲ್ಲಿ ಮೊತ್ತಮೊದಲ ಕಾಂಗ್ರೆಸ್ಸೇತರ ಸರಕಾರ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಅಸ್ತಿತ್ವಕ್ಕೆ ಬಂದಿತು. 1985ರ ಮಧ್ಯಂತರ ಚುನಾವಣೆಯಲ್ಲಿ ಜನತಾ ಪಕ್ಷ 224ರಲ್ಲಿ 139 ಸ್ಥಾನಗಳನ್ನು ಗಳಿಸಿ ಸ್ಪಷ್ಟ ಬಹುಮತ ಪಡೆಯಿತು. ಹೆಗಡೆಯವರ ಸಂಪುಟದ ಹಿರಿಯ ಸಚಿವರಲ್ಲಿ ಬೊಮ್ಮಾಯಿಯವರೂ ಒಬ್ಬರು. ಈ ಸರಕಾರ ಕೇಂದ್ರ-ರಾಜ್ಯ ಸಂಬಂಧಗಳ ವಿಷಯದಲ್ಲಿ ವಿಶೇಷ ಆಸಕ್ತಿ ತಳೆದಿತ್ತು ಎಂಬುದು ಇಲ್ಲಿ ಗಮನಾರ್ಹ. ರಾಜ್ಯಪಾಲರ ಹುದ್ದೆಯ ಸಾಂವಿಧಾನಿಕ ಸ್ವರೂಪ ಮತ್ತು ಅದರ ದುರುಪಯೋಗವನ್ನು ಕುರಿತು 1983ರಲ್ಲಿ ಕರ್ನಾಟಕ ಸರಕಾರ ಒಂದು ಶ್ವೇತಪತ್ರವನ್ನೇ ಹೊರತಂದಿತ್ತು. ಅಲ್ಲಿ ತಾತ್ತ್ವಿಕವಾಗಿ ಚರ್ಚಿತವಾದ ಅಪಾಯವನ್ನು ಆರು ವರ್ಷಗಳ ಅನಂತರ ಅದೇ ಪಕ್ಷಪರಂಪರೆಯ ಸರಕಾರ ಸ್ವತಃ ಎದುರಿಸಬೇಕಾಯಿತು.

ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆ ನೀಡಿದರು. ಆಗಸ್ಟ್ 13ರಂದು ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಅವರಿಗೆ ಒದಗಿದ ಪಟ್ಟ ಹೂವಿನ ಹಾಸಿಗೆಯಾಗಿರಲಿಲ್ಲ. ಹೆಗಡೆ ಮತ್ತು ಎಚ್. ಡಿ. ದೇವೇಗೌಡರ ನಡುವಣ ವೈಮನಸ್ಯ ಪಕ್ಷವನ್ನು ಒಳಗಿನಿಂದ ಸೀಳುತ್ತಿತ್ತು. ಜನತಾ ಪಕ್ಷ ಮತ್ತು ಲೋಕದಳಗಳು ಕೂಡಿ ಜನತಾ ದಳವಾದ ಮೇಲೂ ಆ ಬಿರುಕು ಮುಚ್ಚಲಿಲ್ಲ. ಈ ಒಡಕನ್ನು ಮರೆಮಾಚಿ ಬೊಮ್ಮಾಯಿಯವರ ಸರಕಾರ ಸುಭದ್ರವಾಗಿತ್ತೆಂದು ಹೇಳುವುದು ಚರಿತ್ರೆಗೆ ಬಗೆದ ಅಪಚಾರವಾದೀತು. ಆಮೇಲಿನ ಘಟನೆಗಳ ಮಹತ್ವ ತಿಳಿಯಬೇಕಾದರೆ, ಆ ಸರಕಾರ ನಿಜವಾಗಿಯೂ ದುರ್ಬಲವಾಗಿದ್ದಿರಬಹುದು ಎಂಬ ಸಾಧ್ಯತೆಯನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

2. ಏಳು ದಿನಗಳು

1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಗಿ 13 ಮಂದಿ ಹೊಸದಾಗಿ ಸೇರಿದರು. ಎರಡೇ ದಿನಗಳಲ್ಲಿ, ಏಪ್ರಿಲ್ 17ರಂದು, ಜನತಾ ದಳದ ಶಾಸಕರಾದ ಕೆ. ಆರ್. ಮೊಳಕೇರಿಯವರು ಪಕ್ಷ ತೊರೆದು ರಾಜ್ಯಪಾಲರಾದ ಪಿ. ವೆಂಕಟಸುಬ್ಬಯ್ಯನವರಿಗೆ ಪತ್ರಗಳ ಒಂದು ಕಟ್ಟನ್ನು ಒಪ್ಪಿಸಿದರು. ಸರಕಾರಕ್ಕೆ ನೀಡಿದ್ದ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ತಿಳಿಸುವ, 19 ಶಾಸಕರ ಸಹಿಯುಳ್ಳವೆನ್ನಲಾದ ಪತ್ರಗಳವು. ಅವರಲ್ಲಿ 17 ಮಂದಿ ಜನತಾ ದಳದವರು. ಒಬ್ಬರು ಸಹಸದಸ್ಯರೆನಿಸಿದ್ದ ಪಕ್ಷೇತರರು. ಇನ್ನೊಬ್ಬರು ಭಾರತೀಯ ಜನತಾ ಪಕ್ಷದವರು.

ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮುಖ್ಯಮಂತ್ರಿಗೆ ಬಹುಮತವಿಲ್ಲ, ಬೇರೆ ಪಕ್ಷವೂ ಸರಕಾರ ರಚಿಸುವ ಸ್ಥಿತಿಯಲ್ಲಿಲ್ಲ, ಆದುದರಿಂದ ಸಂವಿಧಾನದ 356ನೆಯ ವಿಧಿಯನ್ನು ಜಾರಿಗೊಳಿಸಬಹುದು ಎಂಬುದು ಅದರ ಸಾರಾಂಶ. ಮರುದಿನ, ಅಂದರೆ ಏಪ್ರಿಲ್ 20ರಂದು, ಆ 19 ಮಂದಿಯಲ್ಲಿ ಏಳು ಶಾಸಕರು ತಮ್ಮಿಂದ ತಪ್ಪು ತಿಳಿವಳಿಕೆ ನೀಡಿ ಸಹಿ ಪಡೆಯಲಾಯಿತೆಂದೂ ತಮ್ಮ ಬೆಂಬಲ ಸರಕಾರಕ್ಕೇ ಇದೆಯೆಂದೂ ರಾಜ್ಯಪಾಲರಿಗೆ ಬರೆದರು. ಅದೇ ದಿನ ಸಂಪುಟ ಸಭೆ ಸೇರಿ, ವಿಶ್ವಾಸಮತ ಪಡೆಯುವುದಕ್ಕಾಗಿ ಏಪ್ರಿಲ್ 27ರಂದು ವಿಧಾನಸಭೆಯ ಅಧಿವೇಶನವನ್ನು ಕರೆಯಲು ನಿರ್ಧರಿಸಿತು. ಬೊಮ್ಮಾಯಿಯವರು ತಮ್ಮ ಕಾನೂನು ಸಚಿವರೊಡನೆ ರಾಜ್ಯಪಾಲರನ್ನು ಕಂಡು ಈ ನಿರ್ಧಾರವನ್ನು ತಿಳಿಸಿದರು. ಅಗತ್ಯವಾದರೆ ಅಧಿವೇಶನವನ್ನು ಇನ್ನೂ ಮುಂಚಿತವಾಗಿಯೇ ಕರೆಯಲು ಸಿದ್ಧವೆಂದರು. ರಾಷ್ಟ್ರಪತಿಗಳಿಗೂ ಟೆಲೆಕ್ಸ್ ಮೂಲಕ ಇದೇ ಸಂದೇಶ ಹೋಯಿತು.

ರಾಜ್ಯಪಾಲರು ಅದೇ ದಿನ ಎರಡನೆಯ ವರದಿಯನ್ನು ಕಳುಹಿಸಿದರು. ಏಳು ಶಾಸಕರು ಹಿಂದೆಗೆದುದನ್ನು ಅದರಲ್ಲಿ ನಮೂದಿಸಿ, ಆ ಪತ್ರಗಳನ್ನು ಮುಖ್ಯಮಂತ್ರಿಯ ಒತ್ತಡದಿಂದ ಬರೆಯಿಸಲಾಗಿದೆಯೆಂದೂ ಕುದುರೆ ವ್ಯಾಪಾರ ನಡೆದು ವಾತಾವರಣ ಕಲುಷಿತವಾಗುತ್ತಿದೆಯೆಂದೂ ಅಭಿಪ್ರಾಯಪಟ್ಟರು. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಬಿದ್ದಿತು. ಸಂಪುಟ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು. ಏಪ್ರಿಲ್ 15ರಿಂದ 21ರವರೆಗೆ, ವಿಸ್ತರಣೆಯಿಂದ ವಿಸರ್ಜನೆಯವರೆಗೆ, ಕೇವಲ ಏಳು ದಿನಗಳು. ಏಪ್ರಿಲ್ 27ರ ಅಧಿವೇಶನ ನಡೆಯಲೇ ಇಲ್ಲ.

3. ಹಿಂದಿನ ನಿದರ್ಶನ

ಇಂತಹ ಘಟನೆ ಇದೇ ಮೊದಲಿನದಾಗಿರಲಿಲ್ಲ. ನೆರೆಯ ಆಂಧ್ರಪ್ರದೇಶದಲ್ಲಿ 1984ರ ಆಗಸ್ಟಿನಲ್ಲಿ ರಾಜ್ಯಪಾಲರಾಗಿದ್ದ ರಾಮಲಾಲರು ಎನ್. ಟಿ. ರಾಮರಾವ್ ಅವರ ಸರಕಾರವನ್ನು ವಜಾಗೊಳಿಸಿ ನಾದೆಂಡ್ಲ ಭಾಸ್ಕರರಾವ್ ಅವರನ್ನು ಮುಖ್ಯಮಂತ್ರಿಯಾಗಿ ನೇಮಿಸಿದ್ದರು. ಅಲ್ಲಿಯೂ ಸದನದಲ್ಲಿ ಎಣಿಕೆ ನಡೆದಿರಲಿಲ್ಲ. ರಾಮರಾವ್ ತಮ್ಮ ಶಾಸಕರನ್ನು ದಿಲ್ಲಿಗೆ ಕರೆದೊಯ್ದು ರಾಷ್ಟ್ರಪತಿ ಜೈಲ್‌ಸಿಂಗ್ ಅವರ ಮುಂದೆ ನಿಲ್ಲಿಸಿದರು. ಆ ಶಾಸಕರಿಗೆ ಹೆಗಡೆಯವರ ಕರ್ನಾಟಕದಲ್ಲಿ ಆಶ್ರಯ ದೊರೆತಿತ್ತು. ತೀವ್ರ ಜನಾಂದೋಲನದ ಪರಿಣಾಮವಾಗಿ ಒಂದು ತಿಂಗಳಲ್ಲಿ, ಸೆಪ್ಟೆಂಬರ್ 16ರಂದು, ರಾಮರಾವ್ ಮತ್ತೆ ಅಧಿಕಾರಕ್ಕೆ ಮರಳಿದರು.

ಈ ಎರಡು ಪ್ರಕರಣಗಳ ವ್ಯತ್ಯಾಸ ಬೋಧಪ್ರದವಾಗಿದೆ. ರಾಮರಾವ್ ಅವರಿಗೆ ನ್ಯಾಯ ದೊರೆತದ್ದು ಬೀದಿಯಲ್ಲಿ. ಜನಪ್ರಿಯತೆಯ ಅಗಾಧ ಬಲ ಅವರ ಬೆನ್ನಿಗಿತ್ತು. ಬೊಮ್ಮಾಯಿಯವರಿಗೆ ಅಂತಹ ಆಕರ್ಷಣೆ ಇರಲಿಲ್ಲ. ಅವರಿಗಾಗಿ ನಾಡು ಹೊತ್ತಿ ಉರಿಯಲಿಲ್ಲ. ಹೀಗಾಗಿ ವಕೀಲರಾದ ಅವರು ತಮಗೆ ಪರಿಚಿತವಾದ ಮಾರ್ಗವನ್ನೇ ಹಿಡಿದರು. 1984ರ ವಿಜಯ ಒಬ್ಬ ನಾಯಕನಿಗೆ ಪಟ್ಟವನ್ನು ಮರಳಿಸಿತಾದರೂ ಮುಂದಿನವರಿಗೆ ನಿಯಮವೊಂದನ್ನು ಉಳಿಸಿಹೋಗಲಿಲ್ಲ. ನಿಯಮ ರೂಪುಗೊಂಡದ್ದು 1989ರ ಸೋಲಿನಿಂದ.

4. ನ್ಯಾಯಾಲಯದ ಅಂಗಳದಲ್ಲಿ

ಏಪ್ರಿಲ್ 26ರಂದು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ದಾಖಲಾಯಿತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ವಜಾ ಮಾಡಿತು. ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಲೇಬಾರದೆಂದೇನೂ ಪೀಠ ಹೇಳಲಿಲ್ಲ. ಆದರೆ ಸದನದಲ್ಲಿ ಬಲಪರೀಕ್ಷೆ ಕಡ್ಡಾಯವಲ್ಲವೆಂದು ಅಭಿಪ್ರಾಯಪಟ್ಟಿತು. ಈ ಮಧ್ಯೆ 1989ರ ನವೆಂಬರಿನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದಿತು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಪ್ರಾಯೋಗಿಕ ರಾಜಕಾರಣದ ದೃಷ್ಟಿಯಿಂದ ಬೊಮ್ಮಾಯಿಯವರ ದೂರಿಗೆ ಅಲ್ಲಿಗೆ ಅರ್ಥವೇ ಉಳಿಯಲಿಲ್ಲ.

ಆದರೂ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನಾಗಾಲ್ಯಾಂಡ್ (1988) ಹಾಗೂ ಮೇಘಾಲಯ (1991) ಸರಕಾರಗಳ ವಜಾ, ಬಾಬರಿ ಮಸೀದಿ ಧ್ವಂಸದ ಬಳಿಕ 1992ರ ಡಿಸೆಂಬರಿನಲ್ಲಿ ನಡೆದ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ಸರಕಾರಗಳ ವಜಾ, ಇವೆಲ್ಲವೂ ಒಟ್ಟಿಗೆ ವಿಚಾರಣೆಗೆ ಬಂದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು. ಅಷ್ಟರಲ್ಲಿ 356ನೆಯ ವಿಧಿ 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. ಈ ವಿಧಿ ನಿರ್ಜೀವ ಅಕ್ಷರವಾಗಿಯೇ ಉಳಿಯಲೆಂದು ಡಾ. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಆಶಿಸಿದ್ದುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ.

ತೀರ್ಪಿನ ಮುಖ್ಯಾಂಶಗಳನ್ನು ಹೀಗೆ ಸಂಗ್ರಹಿಸಬಹುದು. ರಾಷ್ಟ್ರಪತಿಗಳ ಘೋಷಣೆ ನ್ಯಾಯಿಕ ಪರಿಶೀಲನೆಗೆ ಅತೀತವಲ್ಲ. ಅದಕ್ಕೆ ಪ್ರಸ್ತುತವಾದ ಆಧಾರಸಾಮಗ್ರಿ ಇರಬೇಕು. ಸಂಸತ್ತಿನ ಎರಡೂ ಸದನಗಳು ಅಂಗೀಕರಿಸುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸಕೂಡದು. ಅಲ್ಲಿಯವರೆಗೆ ಅದನ್ನು ಅಮಾನತಿನಲ್ಲಿಡಬಹುದು, ಅಷ್ಟೆ. ಘೋಷಣೆ ಅಸಿಂಧುವೆಂದು ಕಂಡುಬಂದರೆ ವಜಾಗೊಂಡ ಸರಕಾರವನ್ನೂ ಸಭೆಯನ್ನೂ ಮರುಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಧರ್ಮನಿರಪೇಕ್ಷತೆ ಸಂವಿಧಾನದ ಮೂಲಸ್ವರೂಪದ ಅಂಗ. ಸರಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬ ಸಂದೇಹ ಬಂದಾಗ ಅದನ್ನು ಪರೀಕ್ಷಿಸತಕ್ಕ ಸ್ಥಳ ಸದನವೇ ಹೊರತು ರಾಜಭವನವಲ್ಲ. ಕರ್ನಾಟಕ, ನಾಗಾಲ್ಯಾಂಡ್ ಮತ್ತು ಮೇಘಾಲಯಗಳ ಘೋಷಣೆಗಳು ಅಸಾಂವಿಧಾನಿಕವೆನಿಸಿದವು. 1992ರ ಮೂರು ಘೋಷಣೆಗಳು ಊರ್ಜಿತಗೊಂಡವು.

5. 'ಮತ' ಶಬ್ದದ ಮೂರು ಮುಖಗಳು

ಈ ತೀರ್ಪಿನ ತಿರುಳನ್ನು ಗ್ರಹಿಸಲು ಕನ್ನಡದ ಒಂದು ಶಬ್ದ ನೆರವಾಗುತ್ತದೆ. 'ಮತ' ಎಂಬುದು ಯೋಚಿಸು ಎಂಬ ಅರ್ಥದ ಸಂಸ್ಕೃತದ 'ಮನ್' ಧಾತುವಿನಿಂದ ಬಂದುದು. ನಮ್ಮ ಬಳಕೆಯಲ್ಲಿ ಅದಕ್ಕೆ ಮೂರು ಅರ್ಥಗಳಿವೆ. ಒಂದು, ವ್ಯಕ್ತಿಯ ಅಭಿಪ್ರಾಯ. 'ನನ್ನ ಮತ' ಎನ್ನುವಾಗ ನಾವು ಉದ್ದೇಶಿಸುವುದು ಇದನ್ನು. ಎರಡು, ಚುನಾವಣೆಯಲ್ಲಿಯೂ ಸದನದಲ್ಲಿಯೂ ಚಲಾಯಿಸುವ ಮತ. ಮೂರು, ಧರ್ಮ ಅಥವಾ ಪಂಥ. ಒಂದೇ ತೀರ್ಪು ಈ ಮೂರು ಅರ್ಥಗಳನ್ನೂ ಮುಟ್ಟಿರುವುದು ಕುತೂಹಲಕರ. ರಾಜ್ಯದ ಅಧಿಕಾರ ಯಾವುದೇ ಮತಪಂಥಕ್ಕೆ ಅಧೀನವಾಗಬಾರದು ಎಂಬುದು ಅದರ ಒಂದು ಭಾಗ. ರಾಜ್ಯಪಾಲರ ಅಭಿಮತ ಶಾಸಕರ ಬಹುಮತದ ಸ್ಥಾನವನ್ನು ಆಕ್ರಮಿಸಬಾರದು ಎಂಬುದು ಇನ್ನೊಂದು ಭಾಗ.

ಎರಡರ ಅಂತರವೇನು? ಅಭಿಮತ ಮುಚ್ಚಿದ ಕೋಣೆಯಲ್ಲಿ ರೂಪುಗೊಳ್ಳುತ್ತದೆ. ಪತ್ರಗಳ ಮೇಲೆ, ಕಿವಿಗೆ ಬಿದ್ದ ಮಾತುಗಳ ಮೇಲೆ ನಿಲ್ಲುತ್ತದೆ. ಬಹುಮತ ಬಹಿರಂಗವಾದ ಕ್ರಿಯೆ. ಸದನದಲ್ಲಿ ಶಾಸಕನು ತನ್ನ ಮತದಾರರು ಕಾಣುವಂತೆ, ತನ್ನ ಹೆಸರು ದಾಖಲಾಗುವಂತೆ ಪಕ್ಷ ನಿರ್ಣಯ ಮಾಡಬೇಕಾಗುತ್ತದೆ. ಪತ್ರದ ಮೇಲಿನ ಸಹಿಯನ್ನು ಒತ್ತಾಯದಿಂದ ಪಡೆದರೆಂದು ಮರುದಿನ ಹೇಳಬಹುದು. ಆ ಹೇಳಿಕೆಯನ್ನೇ ಒತ್ತಾಯದಿಂದ ಪಡೆದರೆಂದು ಇನ್ನೊಬ್ಬರು ಹೇಳಬಹುದು. 1989ರ ಏಪ್ರಿಲ್ 20ರಂದು ನಡೆದದ್ದು ಇದೇ. 19 ಪತ್ರಗಳನ್ನು ನಂಬಿದ ರಾಜ್ಯಪಾಲರು ಏಳು ಪತ್ರಗಳನ್ನು ನಂಬಲಿಲ್ಲ. ಅವರ ನಂಬಿಕೆ ಸರಿಯಿತ್ತೋ ತಪ್ಪಾಗಿತ್ತೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಆ ನಂಬಿಕೆಯನ್ನು ಪರೀಕ್ಷಿಸುವ ಸುಲಭ ಸಾಧನ ಒಂದು ವಾರದಷ್ಟೇ ದೂರದಲ್ಲಿತ್ತು. ಅದನ್ನು ಬಳಸಲಿಲ್ಲ ಎಂಬುದು ಆಕ್ಷೇಪ. ಈ ಸಾಧನವನ್ನೇ ಬಳಸಬೇಕೆಂದು ಸರ್ಕಾರಿಯಾ ಆಯೋಗ 1988ರಲ್ಲಿಯೇ ಸಲಹೆ ನೀಡಿತ್ತು.

ಆದುದರಿಂದ ಬೊಮ್ಮಾಯಿಯವರು ಕಳೆದುಕೊಂಡದ್ದು ಆಳುವ ಹಕ್ಕನ್ನು ಎನ್ನುವುದಕ್ಕಿಂತ ಸದನದಲ್ಲಿ ಸೋಲುವ ಹಕ್ಕನ್ನು ಎನ್ನುವುದೇ ಹೆಚ್ಚು ಸಮಂಜಸ. ಏಪ್ರಿಲ್ 27ರಂದು ಅವರು ಸೋತಿದ್ದರೆ ಅದು ನ್ಯಾಯಯುತವಾದ ಪತನವಾಗುತ್ತಿತ್ತು. ಅವರಿಗೂ ದೂರಲು ಕಾರಣವಿರುತ್ತಿರಲಿಲ್ಲ. ಗೆದ್ದಿದ್ದರೆ ಜನಾದೇಶ ಉಳಿಯುತ್ತಿತ್ತು. ಎರಡರಲ್ಲಿ ಯಾವುದು ಸತ್ಯವೆಂಬುದು ಇನ್ನೆಂದಿಗೂ ತಿಳಿಯದಂತಾದುದೇ ಆ ಘೋಷಣೆ ಮಾಡಿದ ನಿಜವಾದ ಹಾನಿ. ಈ ಹಾನಿ ಒಬ್ಬ ಮುಖ್ಯಮಂತ್ರಿಗೆ ಆದುದಕ್ಕಿಂತ 1985ರಲ್ಲಿ ಮತ ನೀಡಿದ್ದ ಜನತೆಗೆ ಆದುದೇ ದೊಡ್ಡದು.

6. ತತ್ತ್ವದ ಬೆಲೆ ಮತ್ತು ಮಿತಿ

1994ರ ಬಳಿಕ 356ನೆಯ ವಿಧಿಯ ಬಳಕೆ ಗಣನೀಯವಾಗಿ ಕುಗ್ಗಿತು. ಉತ್ತರಪ್ರದೇಶದಲ್ಲಿ 1998ರ ಫೆಬ್ರವರಿಯಲ್ಲಿ ಕಲ್ಯಾಣಸಿಂಗ್ ಮತ್ತು ಜಗದಂಬಿಕಾ ಪಾಲ್ ಇಬ್ಬರೂ ಮುಖ್ಯಮಂತ್ರಿ ತಾನೆಂದಾಗ ಸರ್ವೋಚ್ಚ ನ್ಯಾಯಾಲಯ ಸದನದಲ್ಲಿಯೇ ಎಣಿಕೆ ನಡೆಯಲೆಂದಿತು. ಕಲ್ಯಾಣಸಿಂಗ್ 225 ಮತಗಳನ್ನೂ ಪಾಲ್ 196 ಮತಗಳನ್ನೂ ಪಡೆದರು. ಉತ್ತರಾಖಂಡದಲ್ಲಿ 2016ರ ಮೇ ತಿಂಗಳಲ್ಲಿ ಹರೀಶ್ ರಾವತ್ ಅವರು ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ನಡೆದ ಪರೀಕ್ಷೆಯಲ್ಲಿ ಗೆದ್ದು ಅಧಿಕಾರಕ್ಕೆ ಮರಳಿದರು. ಕರ್ನಾಟಕದಲ್ಲಿಯೇ 2018ರ ಮೇ 19ರಂದು, ನ್ಯಾಯಾಲಯ ಗೊತ್ತುಪಡಿಸಿದ ವಿಶ್ವಾಸಮತಕ್ಕೆ ಮೊದಲೇ ಬಿ. ಎಸ್. ಯಡಿಯೂರಪ್ಪನವರು ರಾಜೀನಾಮೆ ಘೋಷಿಸಿದರು. ಮಹಾರಾಷ್ಟ್ರದಲ್ಲಿ 2019ರ ನವೆಂಬರ್ 26ರಂದು, ಮರುದಿನವೇ ಬಲಪರೀಕ್ಷೆ ನಡೆಯಬೇಕೆಂಬ ಆದೇಶ ಹೊರಬಿದ್ದ ಕೆಲವೇ ತಾಸುಗಳಲ್ಲಿ ದೇವೇಂದ್ರ ಫಡ್ನವೀಸ್ ಅವರು ಹುದ್ದೆ ತ್ಯಜಿಸಿದರು. ಪಕ್ಷಗಳು ಬೇರೆ, ರಾಜ್ಯಗಳು ಬೇರೆ. ಆದರೆ ಅಳೆಯುವ ಕೋಲು ಒಂದೇ.

ಹಾಗೆಂದು ಈ ತೀರ್ಪು ಸರ್ವರೋಗಕ್ಕೂ ಮದ್ದೆಂದು ಭಾವಿಸುವುದು ಸರಿಯಲ್ಲ. ಸದನ ತಲೆಗಳನ್ನು ಎಣಿಸಬಲ್ಲುದು; ಆ ತಲೆಗಳು ಯಾವ ಆಮಿಷದಿಂದ ಯಾವ ಕಡೆಗೆ ವಾಲಿದವೆಂಬುದನ್ನು ಅಳೆಯಲಾರದು. 1995ರಲ್ಲಿ ಹೈದರಾಬಾದಿನಲ್ಲಿ ಎನ್. ಟಿ. ರಾಮರಾವ್ ಅವರು ಮತ್ತೊಮ್ಮೆ ಅಧಿಕಾರ ಕಳೆದುಕೊಂಡಾಗ ಅವರ ಶಾಸಕರಲ್ಲಿ ಬಹುಪಾಲು ಮಂದಿ ಅಳಿಯ ಚಂದ್ರಬಾಬು ನಾಯ್ಡು ಅವರ ಪಕ್ಷಕ್ಕೆ ಸರಿದಿದ್ದರು. ಪಕ್ಷವನ್ನು ಕಟ್ಟಿದವರು ಅವರೇ ಆದರೂ ಆಗ ಸಂಖ್ಯೆಯೇ ಅವರ ವಿರುದ್ಧವಾಗಿತ್ತು; ಸದನದ ಎಣಿಕೆಯಿಂದ ಅವರಿಗೆ ಯಾವ ರಕ್ಷಣೆಯೂ ಇರಲಿಲ್ಲ. 2019ರ ಜುಲೈಯಲ್ಲಿ ಕರ್ನಾಟಕದ ಆಡಳಿತ ಮೈತ್ರಿಕೂಟದ ಶಾಸಕರು ರಾಜೀನಾಮೆ ನೀಡಿ ಮುಂಬಯಿಯ ಹೋಟೆಲಿನಲ್ಲಿ ತಂಗಿದ್ದರು. ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿಯವರ ಸರಕಾರ 99-105 ಮತಗಳಿಂದ ಬಿದ್ದಿತು. ಬೊಮ್ಮಾಯಿ ತೀರ್ಪಿನ ಅಕ್ಷರ ಅಲ್ಲಿ ಪೂರ್ಣವಾಗಿ ಪಾಲನೆಯಾಯಿತು. 17 ಶಾಸಕರು ಅನರ್ಹಗೊಂಡರೂ ಸರ್ವೋಚ್ಚ ನ್ಯಾಯಾಲಯ ಅವರಿಗೆ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶ ನೀಡಿತು. ಆ ಬೆಳವಣಿಗೆಯ ಫಲವಾಗಿ ಬಂದ ಸರಕಾರದಲ್ಲಿ 2021ರಿಂದ 2023ರವರೆಗೆ ಮುಖ್ಯಮಂತ್ರಿಯಾಗಿದ್ದವರು ಎಸ್. ಆರ್. ಬೊಮ್ಮಾಯಿಯವರ ಪುತ್ರ ಬಸವರಾಜ ಬೊಮ್ಮಾಯಿ. ಚರಿತ್ರೆಯ ಇಂತಹ ವಕ್ರಗತಿಗೆ ವ್ಯಾಖ್ಯಾನ ಬೇಕಿಲ್ಲ.

ರಾಜ್ಯಪಾಲರು 1989ರಲ್ಲಿ ಬರೆದ 'ಕುದುರೆ ವ್ಯಾಪಾರ'ದ ಮಾತು ಪೂರ್ಣ ಕಲ್ಪಿತವಾದುದಲ್ಲವೆಂಬುದನ್ನು ಮುಂದಿನ ದಶಕಗಳು ತೋರಿಸಿಕೊಟ್ಟಿವೆ. ಆದರೆ ವ್ಯಾಪಾರ ನಡೆಯುತ್ತಿದೆಯೆಂದು ತಕ್ಕಡಿಯನ್ನೇ ಕಿತ್ತೆಸೆಯುವುದು ಪರಿಹಾರವಾಗಲಾರದು. ತಕ್ಕಡಿ ಬಯಲಲ್ಲಿರಬೇಕು ಎಂಬುದಷ್ಟೇ ತೀರ್ಪಿನ ಹೇಳಿಕೆ. ತೂಗುವ ವಸ್ತು ಶುದ್ಧವಾಗಿರಬೇಕೆಂಬುದು ನ್ಯಾಯಾಲಯ ಮಾಡಬಹುದಾದ ಕೆಲಸವಲ್ಲ. ಅದು ಮತದಾರರ ಎಚ್ಚರಕ್ಕೆ ಬಿಟ್ಟದ್ದು.

7. ಕೊನೆಯ ಮಾತು

ಬೊಮ್ಮಾಯಿಯವರು ಮುಂದೆ ಜನತಾ ದಳದ ಅಖಿಲ ಭಾರತ ಅಧ್ಯಕ್ಷರಾದರು. 1996ರಿಂದ 1998ರವರೆಗೆ ಸಂಯುಕ್ತ ರಂಗದ ಸರಕಾರಗಳಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವರಾಗಿ ಸೇವೆ ಸಲ್ಲಿಸಿದರು. 2007ರ ಅಕ್ಟೋಬರ್ 10ರಂದು ನಿಧನರಾದರು. ಮುಖ್ಯಮಂತ್ರಿಯ ಪದವಿ ಅವರಿಗೆ ಮತ್ತೆ ದೊರೆಯಲಿಲ್ಲ. 1994ರ ತೀರ್ಪು ಅವರ ಪದಚ್ಯುತಿಯನ್ನು ತಪ್ಪೆಂದು ಸಾರಿದಾಗ ಮರುಸ್ಥಾಪಿಸಲು ಆ ವಿಧಾನಸಭೆಯೇ ಉಳಿದಿರಲಿಲ್ಲ. ನಡುವೆ ಒಂದು ಚುನಾವಣೆ ಮುಗಿದು, ಮತ್ತೊಂದು ಚುನಾವಣೆಯ ವರ್ಷ ಬಂದಿತ್ತು. ಎಂಟು ತಿಂಗಳ ಅವರ ಆಡಳಿತದ ಯೋಜನೆಗಳನ್ನು ಇಂದು ನೆನೆಯುವವರು ವಿರಳ. ಆದರೆ ಅವರು ಅಂದು ಬೇಡಿದ್ದ ಒಂದು ದಿನದ ಅಧಿವೇಶನ ಅವರ ಬಳಿಕ ಬಂದ ಅನೇಕ ಮುಖ್ಯಮಂತ್ರಿಗಳಿಗೆ ದೊರೆತಿದೆ. ಅವರಲ್ಲಿ ಕೆಲವರು ಗೆದ್ದಿದ್ದಾರೆ, ಕೆಲವರು ಸೋತಿದ್ದಾರೆ. ಎಲ್ಲರ ಲೆಕ್ಕವೂ ಸದನದ ಕಡತದಲ್ಲಿ ದಾಖಲಾಗಿದೆ.